ಕುದಿಸಿದರೆ ವಿಷವೂ ರೋಗಾಣುವೂ ಹೋಗುತ್ತವೆಯೇ, ವಾಂತಿಯಾದರೆ ಅಪಾಯ ಕಳೆಯಿತೇ?

ನೀವು ಮೂರು ವಿಷಯ ಕೇಳಿದ್ದೀರಿ. ಕೆಟ್ಟ ಆಹಾರ ತಿಂದವರಲ್ಲಿ ಕೆಲವರಿಗೆ ಎರಡು ಗಂಟೆಯೊಳಗೆ ವಾಂತಿ ಶುರುವಾದರೆ ಇನ್ನು ಕೆಲವರು ಎರಡು ದಿನ ಕಳೆದ ಮೇಲೆ ಜ್ವರ, ಭೇದಿ ಎಂದು ಹಾಸಿಗೆ ಹಿಡಿಯುವುದೇಕೆ. ಚೆನ್ನಾಗಿ ಕುದಿಸಿದರೆ ವಿಷವೂ ರೋಗಾಣುವೂ ನಾಶವಾಗುತ್ತವೆಯೇ. ವಿಷ ಸೇವಿಸಿದವರಿಗೆ ವಾಂತಿ ಮಾಡಿಸಿದರೆ ಸಾಕೇ. ವಿಷಬಾಧೆಗೆ ಒಳಗಾದವರನ್ನು ನೋಡಿಕೊಳ್ಳುವ ವೈದ್ಯನಾಗಿ ನಾನು ಮೊದಲು ಹೇಳಬೇಕಾದದ್ದು ಇಷ್ಟು: ತೊಂದರೆ ಎಷ್ಟು ಜೋರಾಗಿದೆ ಎಂಬುದಕ್ಕಿಂತ, ಹೊಟ್ಟೆಗೆ ಹೋದದ್ದು ಏನು ಮತ್ತು ಯಾವಾಗ ಎಂಬುದೇ ಹೆಚ್ಚು ತಿಳಿಸುತ್ತದೆ. ಜೀವವುಳ್ಳ ರೋಗಾಣುವಿಗೆ ದೇಹದೊಳಗೆ ಬೆಳೆಯಲು ಕಾಲ ಬೇಕು. ವಿಷಕ್ಕೆ ಬೆಳೆಯುವ ಅಗತ್ಯವಿಲ್ಲ, ಆದರೆ ಕೆಲವು ವಿಷಗಳು ದೇಹದೊಳಗೆ ರೂಪಾಂತರಗೊಂಡ ನಂತರವೇ ಹಾನಿ ಮಾಡುತ್ತವೆ. ಆದ್ದರಿಂದ ಮೊದಲ ಕೆಲವು ಗಂಟೆ ಏನೂ ಆಗಲಿಲ್ಲ ಎಂಬುದನ್ನು ಎರಡು ಕಡೆಯೂ ಒಂದೇ ರೀತಿ ಅರ್ಥ ಮಾಡಿಕೊಳ್ಳಬಾರದು.

ನುಂಗಿದ ರೋಗಾಣುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲೇ ಸಾಯುತ್ತವೆ. ಕಾಲರಾ ರೋಗಾಣು ಈ ಆಮ್ಲಕ್ಕೆ ಬಹಳ ಬೇಗ ಸೋಲುವುದರಿಂದ ಆರೋಗ್ಯವಂತರಲ್ಲಿ ಕಾಯಿಲೆ ತರಬೇಕಾದರೆ ಅದು ಭಾರಿ ಸಂಖ್ಯೆಯಲ್ಲಿ ಒಳಹೋಗಬೇಕು. ಆಮಶಂಕೆ ತರುವ ಶಿಗೆಲ್ಲಾಗೆ ಮಾತ್ರ 10ರಿಂದ 100 ಜೀವಿಗಳಿದ್ದರೂ ಸಾಕು. ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕರುಳಿನ ಸೋಂಕಿಗೆ ಸುಲಭವಾಗಿ ತುತ್ತಾಗುವುದಕ್ಕೂ ಇದೇ ಕಾರಣ. ಆಮ್ಲವನ್ನು ದಾಟಿದವು ಕರುಳಿನಲ್ಲಿ ನೆಲೆಯೂರಿ ಹೆಚ್ಚಬೇಕು. ಸಾಲ್ಮೊನೆಲ್ಲಾಗೆ ಇದಕ್ಕೆ ಸಾಮಾನ್ಯವಾಗಿ ಅರ್ಧ ದಿನದಿಂದ ಮೂರು ದಿನ ಹಿಡಿಯುತ್ತದೆ, ಟೈಫಾಯ್ಡ್‌ಗೆ ಒಂದೆರಡು ವಾರ, ಹೆಪಟೈಟಿಸ್ ಎ ವೈರಸ್‌ಗೆ ಸುಮಾರು ನಾಲ್ಕು ವಾರ. ಹೊಟ್ಟೆ ಕೆಟ್ಟಾಗ ಎಲ್ಲರೂ ಕೊನೆಯ ಊಟವನ್ನೇ ದೂರುತ್ತಾರೆ; ಬಹಳ ಸಲ ಆ ಊಟದ ತಪ್ಪೇನೂ ಇರುವುದಿಲ್ಲ.

ತಿಂದ ಒಂದೆರಡು ಗಂಟೆಯಲ್ಲೇ ಜ್ವರವಿಲ್ಲದೆ ವಾಂತಿ ಕಿತ್ತುಕೊಂಡು ಬಂದರೆ, ರೋಗಾಣು ಆಹಾರದಲ್ಲಿದ್ದಾಗಲೇ ವಿಷ ಉತ್ಪಾದಿಸಿಟ್ಟಿತ್ತು ಎಂದು ಊಹಿಸಬಹುದು. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಚರ್ಮದ ಗಾಯಗಳಲ್ಲಿ ಇರುವಂಥದ್ದು. ಅದು ಕೈಯಿಂದ ಬೇಯಿಸಿದ ಪದಾರ್ಥಕ್ಕೆ ಸೇರಿ, ಆ ಪದಾರ್ಥ ಗಂಟೆಗಟ್ಟಲೆ ಹೊರಗೇ ಉಳಿದರೆ ಅದರಲ್ಲಿ ವಿಷ ತುಂಬುತ್ತದೆ. ಮತ್ತೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ತಣ್ಣಗಾಗಿ ಬಹಳ ಹೊತ್ತಾದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಹುಟ್ಟಿಸುವ ವಾಂತಿಯ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ಬೊಟ್ಯುಲಿನಮ್ ವಿಷದ ಸ್ವಭಾವ ಇದಕ್ಕೆ ತಿರುಗುಮುರುಗು. ಮನುಷ್ಯನಿಗೆ ತಿಳಿದಿರುವ ಅತಿ ಘೋರ ವಿಷಗಳಲ್ಲಿ ಒಂದಾದ ಅದು 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದು ನಿಮಿಷಕ್ಕೇ ನಾಶವಾಗುತ್ತದೆ, ಆದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿ, ಗಾಳಿಯಾಡದ ಡಬ್ಬಿಯೊಳಗೆ ಮತ್ತೆ ಚಿಗುರುತ್ತವೆ. ಡಬ್ಬಿ ಆಹಾರವನ್ನು ಒತ್ತಡದಲ್ಲಿ 121 ಡಿಗ್ರಿಗೆ ಕಾಯಿಸುವುದು ಈ ಬೀಜಕಗಳಿಗಾಗಿಯೇ. ವಸ್ತು ಎರಡೆರಡಾಗಿ ಕಾಣುವುದು, ರೆಪ್ಪೆ ಇಳಿಬೀಳುವುದು, ನುಂಗಲು ಕಷ್ಟವಾಗುವುದು ಇದರ ಲಕ್ಷಣ. ಹೊಟ್ಟೆಯ ತೊಂದರೆ ಅಷ್ಟಾಗಿ ಕಾಣದಿದ್ದರೂ ಇದು ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಇಂಥ ಸೂಚನೆ ಕಂಡರೆ ಒಂದು ಗಳಿಗೆಯನ್ನೂ ಕಳೆಯಬೇಡಿ.

ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನನ್ನನ್ನು ಬಹಳ ಕಳವಳಗೊಳಿಸುತ್ತದೆ. ತಿಳಿಯಾದ ನೀರನ್ನು ಒಂದು ನಿಮಿಷ ಚೆನ್ನಾಗಿ ಕೊತಕೊತ ಕುದಿಸಿದರೆ ರೋಗಾಣುಗಳ ಮಟ್ಟಿಗೆ ಅದು ಸುರಕ್ಷಿತ. ಆದರೆ ಅದರಲ್ಲಿ ಕರಗಿರುವ ಆರ್ಸೆನಿಕ್, ಸೀಸ, ಫ್ಲೋರೈಡ್ ಎಷ್ಟು ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ತಿಳಿಯದು. ಪರೀಕ್ಷೆ ಮಾಡಿಸುವುದೊಂದೇ ದಾರಿ.

ಹೊಟ್ಟೆಯ ಸೋಂಕಿನಲ್ಲಿ ಸಾವು ಹೇಗೆ ಬರುತ್ತದೆ ಎಂಬುದನ್ನು ಕಾಲರಾದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ಆ ರೋಗಾಣು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ರಕ್ತಕ್ಕೂ ನುಗ್ಗುವುದಿಲ್ಲ. ಅದರ ವಿಷ ಕರುಳಿನ ಜೀವಕೋಶಗಳಿಂದ ಕ್ಲೋರೈಡ್ ಸತತವಾಗಿ ಹೊರಸುರಿಯುವಂತೆ ಮಾಡುತ್ತದೆ, ಅದರ ಹಿಂದೆ ಸೋಡಿಯಂ ಮತ್ತು ನೀರು ಹೋಗುತ್ತವೆ, ಹೀಗೆ ಕೆಲವೇ ಗಂಟೆಗಳಲ್ಲಿ ದೇಹ ಒಣಗಿ ರಕ್ತದೊತ್ತಡ ಕುಸಿಯುತ್ತದೆ. ಆದರೆ ಅದೇ ಜೀವಕೋಶಗಳಲ್ಲಿ ಗ್ಲೂಕೋಸನ್ನೂ ಸೋಡಿಯಮನ್ನೂ ಜೊತೆಯಾಗಿ ಒಳಗೆಳೆಯುವ ಮತ್ತೊಂದು ಬಾಗಿಲಿದೆ, ಕಾಲರಾದ ವಿಷ ಅದನ್ನು ಮುಟ್ಟುವುದಿಲ್ಲ. ಓಆರ್‌ಎಸ್ (ಉಪ್ಪು, ಗ್ಲೂಕೋಸ್ ಬೆರೆಸಿದ ಕುಡಿಯುವ ದ್ರಾವಣ) ಕೆಲಸ ಮಾಡುವುದು ಆ ಬಾಗಿಲಿನ ಮೂಲಕ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದಾಗ ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಲು ನಿರ್ಧರಿಸಿದರು. ಸುಮಾರು 30 ಶೇಕಡಾ ಇದ್ದ ಸಾವಿನ ಪ್ರಮಾಣ 4 ಶೇಕಡಾಕ್ಕಿಂತ ಕೆಳಗಿಳಿಯಿತು. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಬೆರೆಸಬೇಕು ಎಂದು ನಾವು ಪಟ್ಟು ಹಿಡಿಯುವುದು ಸುಮ್ಮನೆ ಅಲ್ಲ: ಗಾಢವಾದರೆ ಅದು ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಈಗ ರಾಸಾಯನಿಕ ವಿಷಗಳಿಗೆ ಬರುತ್ತೇನೆ. ಇಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಮೌನವಾಗಿ ಕಳೆಯುವ ಮೊದಲ ದಿನ. ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಅಳತೆ ಮೀರಿದಾಗ ಮೊದಲ 24 ಗಂಟೆ ಸ್ವಲ್ಪ ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಕಾಣದಿರಬಹುದು. ಅಷ್ಟರಲ್ಲಿ ಯಕೃತ್ತು ಅದರ ಒಂದು ಭಾಗವನ್ನು ಉಗ್ರವಾದ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತಿರುತ್ತದೆ. ಅದನ್ನು ತಟಸ್ಥಗೊಳಿಸುವ ಗ್ಲುಟಾಥಯೋನ್ ದಾಸ್ತಾನು ಮುಗಿದೊಡನೆ ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿವಿಷವಿದೆ, ಎಂಟು ಗಂಟೆಯೊಳಗೆ ಕೊಟ್ಟರೆ ಅದು ಯಕೃತ್ತನ್ನು ಬಹುಮಟ್ಟಿಗೆ ಉಳಿಸುತ್ತದೆ. ರೋಗಿ ಆರಾಮಾಗಿ ಮಾತನಾಡುತ್ತಿದ್ದಾನೆ, ಬೆಳಿಗ್ಗೆ ನೋಡೋಣ ಎಂದು ಮನೆಯವರು ಕಾಯುವುದು ಸರಿಯಾಗಿ ಆ ಎಂಟು ಗಂಟೆಗಳಲ್ಲೇ. ಕಳ್ಳಬಟ್ಟಿಯಲ್ಲಿ ಸೇರಿರಬಹುದಾದ ಮೆಥನಾಲ್ ಎಂಬ ವಿಷದ ಮದ್ಯಸಾರದ ಕಥೆಯೂ ಹೀಗೆಯೇ: ಅದು ಫಾರ್ಮಿಕ್ ಆಮ್ಲವಾಗಿ ಬದಲಾಗಲು ಹಿಡಿಯುವ ಗಂಟೆಗಳಲ್ಲಿ ಬರೀ ಅಮಲು ಕಾಣುತ್ತದೆ, ನಂತರ ಕಣ್ಣಿನ ನರ ಹೋಗುತ್ತದೆ. ವಿಷದ ಅಮಾನಿಟಾ ಅಣಬೆ ತಿಂದವರಲ್ಲಿ ವಾಂತಿ ಭೇದಿ ನಿಂತು, ಗುಣವಾಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಯಕೃತ್ತು ಕೈಕೊಡುತ್ತದೆ.

ಸೀಸದಲ್ಲಿ ಈ ಮೌನ ವರ್ಷಗಳದ್ದು. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ಕರುಳಿಗಿಂತ ಚಿಕ್ಕ ಮಕ್ಕಳ ಕರುಳು ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಅದು ಬೆಳೆಯುವ ಮೆದುಳಿಗೆ ಮಾಡಿದ ಹಾನಿ ಹಿಂತಿರುಗುವುದಿಲ್ಲ. ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ವಾಂತಿಯ ಪ್ರಶ್ನೆ. ದಯವಿಟ್ಟು ಮನೆಯಲ್ಲಿ ಬಲವಂತವಾಗಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಲೇಬೇಡಿ. ಉಪ್ಪುನೀರಿನಿಂದಲೇ ಜೀವ ಹೋದದ್ದುಂಟು. ಆಮ್ಲ ಅಥವಾ ಕ್ಷಾರ ಕುಡಿದವರ ಅನ್ನನಾಳ ವಾಂತಿಯಿಂದ ಎರಡನೆಯ ಬಾರಿ ಸುಡುತ್ತದೆ. ಸೀಮೆಎಣ್ಣೆ ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚಿನ ಕೇಡನ್ನು ವಾಂತಿಯ ವೇಳೆ ಶ್ವಾಸಕೋಶಕ್ಕೆ ಸೇರಿದಾಗ ಮಾಡುತ್ತದೆ. ತಾನಾಗಿಯೇ ವಾಂತಿಯಾದರೂ ಎಲ್ಲ ವಿಷ ಹೊರಬಂತು ಎನ್ನಲಾಗದು, ಏಕೆಂದರೆ ಅಷ್ಟರಲ್ಲಿ ಒಂದಷ್ಟು ಕರುಳಿಗೆ ಇಳಿದಿರುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಇದ್ದಿಲ ಪುಡಿ ಕೂಡ ಸಾಮಾನ್ಯವಾಗಿ ಮೊದಲ ಒಂದು ಗಂಟೆಯಲ್ಲೇ ಹೆಚ್ಚು ಉಪಯುಕ್ತ, ಕಬ್ಬಿಣದ ಮಾತ್ರೆ ಮತ್ತು ಮದ್ಯಸಾರದ ಮುಂದೆ ಅದು ನಿಷ್ಪ್ರಯೋಜಕ. ಮಗು ಗುಂಡಿ ಬ್ಯಾಟರಿ ನುಂಗಿರುವ ಸಂಶಯವಿದ್ದರೆ ಅಳು, ನೋವು ಯಾವುದನ್ನೂ ಕಾಯದೆ ಹೊರಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಅದು ಗಂಭೀರವಾಗಿ ಸುಡಬಲ್ಲದು. ಹೊರಡುವಾಗ ನುಂಗಿದ ವಸ್ತುವಿನ ಡಬ್ಬಿ, ಬಾಟಲಿ ಅಥವಾ ಮಾತ್ರೆಯ ಖಾಲಿ ಪಟ್ಟಿಯನ್ನು ಜೊತೆಗೆ ತೆಗೆದುಕೊಳ್ಳಿ, ಯಾವ ಹೊತ್ತಿಗೆ ನುಂಗಿದ್ದು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಅಲ್ಲಿ ನಾವು ಕೇಳುವ ಮೊದಲ ಎರಡು ಪ್ರಶ್ನೆ ಅವೇ, ಯಾವ ಪ್ರತಿವಿಷ, ಎಷ್ಟು ಬೇಗ ಎಂಬುದು ಆ ಉತ್ತರಗಳ ಮೇಲೆಯೇ ತೀರ್ಮಾನವಾಗುತ್ತದೆ.