ಸುಳ್ಳು ಎತ್ತರ, ನಿಜವಾದ ಬೆವರು

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಜಯದೇವ ಮೆಟ್ರೊ ಸ್ಟೇಷನ್ ಹತ್ತಿರ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಚಿಕ್ಕಂದಿನಿಂದಲೂ ಎತ್ತರ ಅಂದ್ರೆ ಭಯ. ಹಳದಿ ಮಾರ್ಗ ಶುರುವಾದಾಗ ಒಂದು ಸಲ ಹೋದೆ, ಎಸ್ಕಲೇಟರ್ ಅರ್ಧ ಏರುವಷ್ಟರಲ್ಲಿ ಮೊಣಕಾಲು ನಡುಗಿ, ಮೇಲೆ ಮುಟ್ಟಿದ್ದೇ ಲಿಫ್ಟ್ ಹುಡುಕಿಕೊಂಡು ಇಳಿದುಬಿಟ್ಟೆ. ಈಗ ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಸ್ಸೇ ಗತಿ. ವಿಆರ್ (ವರ್ಚುವಲ್ ರಿಯಾಲಿಟಿ) ಅಂತ ಕಣ್ಣಿಗೆ ಒಂದು ಸಾಧನ ಹಾಕಿಸಿ, ಕಂಪ್ಯೂಟರಿನ ಸುಳ್ಳು ಎತ್ತರ ತೋರಿಸಿ ಭಯ ಬಿಡಿಸುತ್ತಾರಂತೆ. ಸುಳ್ಳು ಅಂತ ಗೊತ್ತಿದ್ದರೂ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತೆ. ಸುಳ್ಳು ಅಂತ ಗೊತ್ತಿರುವುದು ನಿಮಗೆ, ನಿಮ್ಮ ಮೊಣಕಾಲಿಗಲ್ಲ! ಕಣ್ಣಿಗೆ ಅಂಚು ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ನೆಲದ ಮೇಲೇ ನಿಂತಿದ್ದರೂ ಕೈ ಕಂಬಿ ಹುಡುಕುತ್ತದೆ. ಚಿಕಿತ್ಸೆಗೆ ಬೇಕಾಗಿರುವುದೂ ಇದೇ.

ಅವತ್ತು ಲಿಫ್ಟ್‌ನಲ್ಲಿ ಇಳಿದಾಗ ನಿಮಗೆ ಹಾಯೆನಿಸಿತು ಅಲ್ವಾ? ಭಯಕ್ಕೆ ಮೇವು ಸಿಕ್ಕಿದ್ದು ಅಲ್ಲೇ. ಓಡಿಬಂದಿದ್ದಕ್ಕೆ ಬದುಕಿದೆ ಅಂತ ಮನಸ್ಸು ಲೆಕ್ಕ ಹಾಕಿಕೊಂಡಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದರೆ ಭಯ ಏರಿ, ತಾನಾಗಿಯೇ ಇಳಿಯುತ್ತಿತ್ತು. ಹಾಗೆ ನಿಲ್ಲುವುದನ್ನೇ ವಿಆರ್‌ನಲ್ಲಿ ಹಂತ ಹಂತವಾಗಿ ಕಲಿಸುತ್ತಾರೆ. ಮೊದಲು ಮೊದಲನೇ ಮಹಡಿ, ಆಮೇಲೆ ಮೂರು. ಭಯ ಎಷ್ಟಿದೆ ಅಂತ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳಬೇಕು, ಅದು ಇಳಿದ ಮೇಲಷ್ಟೇ ಮುಂದಿನ ಮಹಡಿ.

ಇದು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾತ್‌ಬಾಮ್ ಮತ್ತು ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಹಾಜಸ್ 1995ರಲ್ಲೇ ಎತ್ತರದ ಭಯವಿದ್ದ ವಿದ್ಯಾರ್ಥಿಗಳನ್ನು ಕಂಪ್ಯೂಟರಿನ ಗಾಜಿನ ಲಿಫ್ಟ್, ಸೇತುವೆ, ಬಾಲ್ಕನಿಗಳಲ್ಲಿ ನಿಲ್ಲಿಸಿ ಫಲ ಕಂಡಿದ್ದರು. ಆಗಿನ ಚಿತ್ರಗಳು ಒರಟಾಗಿದ್ದವು, ಆದರೂ ಭಯ ಹುಟ್ಟಿತು. 2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇನಿಯಲ್ ಫ್ರೀಮನ್ ತಂಡ 100 ಜನರ ಮೇಲೆ ಪರೀಕ್ಷೆ ಮಾಡಿತು. ಅರ್ಧ ಜನಕ್ಕೆ ಎರಡು ವಾರ, ಅರ್ಧರ್ಧ ಗಂಟೆಯ ಸುಮಾರು ಆರು ಸಲ. ವಿಆರ್‌ನ ಹತ್ತು ಮಹಡಿ ಕಟ್ಟಡದಲ್ಲಿ, ಮರದ ಮೇಲೆ ಸಿಕ್ಕಿಹಾಕಿಕೊಂಡ ಬೆಕ್ಕನ್ನು ಬಿಡಿಸುವಂಥ ಕೆಲಸಗಳು. ಅವರ ಭಯ ಸರಾಸರಿ 68% ಇಳಿಯಿತು. ನನಗೆ ಬೆಕ್ಕಿನ ಉಪಾಯ ತುಂಬಾ ಇಷ್ಟ, ಕೈ ಚಾಚುವಾಗ ಕೆಳಗೆ ನೋಡಲೇಬೇಕಲ್ಲ.

ಆದರೆ ಮನೆಯಲ್ಲಿ ಸುಮ್ನೆ ಗೇಮ್ ಹಾಕಿಕೊಂಡು, ಭಯ ಜಾಸ್ತಿಯಾದ ತಕ್ಷಣ ಕಿತ್ತಿಡಬೇಡಿ, ಅದೂ ಲಿಫ್ಟ್‌ನಲ್ಲಿ ಇಳಿದ ಹಾಗೇ. ಜೊತೆಗೆ ಥೆರಪಿಸ್ಟ್ ಇರಲಿ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಮೂರ್ಛೆ ರೋಗ ಇದ್ದರೆ ಮೊದಲೇ ಹೇಳಿ.

ಎಲ್ಲಿ ತೋರಿಸಬೇಕು ಅಂತ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಕೂಡ ನಿಮ್ಮ ಮನೆಗೆ ದೂರವಿಲ್ಲ. ವಿಆರ್ ಸಿಗದಿದ್ದರೂ ಇದೇ ಚಿಕಿತ್ಸೆ ನಿಜವಾದ ಮೆಟ್ಟಿಲ ಮೇಲೂ ನಡೆಯುತ್ತದೆ, ವಿಆರ್‌ಗಿಂತ ಎಷ್ಟೋ ಹಿಂದಿನಿಂದ ನಡೆಯುತ್ತಿರುವುದೇ ಹಾಗೆ. ಭಾನುವಾರ ಬೆಳಗ್ಗೆ, ಜನ ಕಡಿಮೆ ಇರುವಾಗ, ಗೆಳೆಯರೊಬ್ಬರನ್ನು ಕರೆದುಕೊಂಡು ಯಾವುದಾದರೂ ತಗ್ಗಿನ ಸ್ಟೇಷನ್ ಹತ್ತಿ. ನಿಮ್ಮ ಅಂಕಿ ಅರ್ಧಕ್ಕೆ ಇಳಿಯುವವರೆಗೂ ಅಲ್ಲೇ ನಿಲ್ಲಿ. ಜಯದೇವ ಕೊನೆಗಿರಲಿ.