ಲಕ್ಷದ್ವೀಪದಲ್ಲಿ ಮತ ಒಡೆಯುವ ಬಗೆ

ಬಹುತೇಕ ಎಲ್ಲರೂ ಮುಸ್ಲಿಮರೂ ಪರಿಶಿಷ್ಟ ಪಂಗಡದವರೂ ಆಗಿರುವ ಲಕ್ಷದ್ವೀಪದಲ್ಲಿ ಲೋಕಸಭಾ ಚುನಾವಣೆಯ ಮತಗಳು ಯಾವ ಆಧಾರದ ಮೇಲೆ ಒಡೆಯುತ್ತವೆ ಎಂದು ಕೇಳಿದ್ದೀರಿ. ಧರ್ಮ, ಮೀಸಲಾತಿಗಳ ಪ್ರಶ್ನೆ ಅಲ್ಲಿ ಅಭ್ಯರ್ಥಿಗಳನ್ನು ಬೇರ್ಪಡಿಸುವುದಿಲ್ಲವಾದ್ದರಿಂದ, ಯಾರು ಯಾವ ದ್ವೀಪದವರು, ಯಾವ ಮನೆತನದವರು ಎಂಬುದಕ್ಕೇ ಹೆಚ್ಚು ತೂಕ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

2011ರ ಜನಗಣತಿಯಂತೆ ಒಟ್ಟು ಜನಸಂಖ್ಯೆ 64,473. ಅದರ ಅರ್ಧದಷ್ಟು ಕವರತ್ತಿ, ಆಂಡ್ರೋತ್, ಮಿನಿಕಾಯ್ ಎಂಬ ಮೂರೇ ದ್ವೀಪಗಳಲ್ಲಿದೆ. ಇವುಗಳಲ್ಲಿ ಮಿನಿಕಾಯ್ ತೀರ ಭಿನ್ನ: ಉಳಿದ ದ್ವೀಪಗಳು ಮಲಯಾಳಕ್ಕೆ ಹತ್ತಿರದ ನುಡಿಯಾಡಿದರೆ, ಇಲ್ಲಿಯವರ ಮಾತು ಮಾಲ್ಡೀವ್ಸ್‌ನ ದಿವೇಹಿಗೆ ಸೇರಿದ ಮಹಲ್, ಇಲ್ಲಿನ ಅನೇಕ ಗಂಡಸರು ಹಡಗಿನ ಕೆಲಸಕ್ಕೆಂದು ತಿಂಗಳುಗಟ್ಟಲೆ ಊರು ಬಿಟ್ಟಿರುತ್ತಾರೆ.

ಮತದಾರರು ಇಷ್ಟು ಕಡಿಮೆಯಿರುವ ಕಡೆ ಒಂದೆರಡು ಕುಟುಂಬಗಳ ಮುನಿಸೂ ಫಲಿತಾಂಶವನ್ನು ತಿರುಗಿಸಬಲ್ಲದು. 1967ರಿಂದ ಸತತವಾಗಿ ಗೆದ್ದಿದ್ದ ಆಂಡ್ರೋತ್‌ನ ಪಿ. ಎಂ. ಸಯೀದ್ ಅವರು 2004ರಲ್ಲಿ ಕೇವಲ 71 ಮತಗಳಿಂದ ಸೋತರು. ಅತಿ ಚಿಕ್ಕ ಜನವಸತಿ ದ್ವೀಪವಾದ ಬಿತ್ರಾದಲ್ಲೇ 2011ರಲ್ಲಿ 271 ಜನರಿದ್ದರು! 2009ರಲ್ಲಿ ಅವರ ಮಗ ಹಮ್ದುಲ್ಲಾ ಸಯೀದ್ ಗೆದ್ದದ್ದರಲ್ಲಿ ಮನೆತನದ ಬಲ ಕಾಣುತ್ತದೆ.

ಹಾಗೆಯೇ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್‌ಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು, ದಕ್ಷಿಣದ ದ್ವೀಪಗಳು ಮಲಬಾರಿನೊಂದಿಗಿದ್ದವು ಎಂಬುದನ್ನೂ ಗಮನಿಸಬೇಕು. ಆದ್ದರಿಂದ ಇಡೀ ಕ್ಷೇತ್ರದ ಒಟ್ಟು ಅಂಕಿಗಳನ್ನಷ್ಟೇ ನೋಡದೆ, ದ್ವೀಪವಾರು ಮತಗಳನ್ನು ಹೋಲಿಸಿ ನೋಡಿರೆಂದು ಕೋರುತ್ತೇನೆ.