ಹನುಮಂತಪ್ಪ ವೃತ್ತದ ಫ್ಲೆಕ್ಸ್: ದೂರು ಕೊಡುವುದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್‌ಗಳು ಎದುರಿನ ವಾಹನವೇ ಕಾಣದಂತೆ ನಿಂತಿರುತ್ತವೆ. ನಾವೇ ಕಿತ್ತುಹಾಕಬಹುದೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಬೇಡ. ಜಗಳವಾಗುವುದು ಒಂದು ಕಡೆ. ಚೌಕಟ್ಟು ಜಾರಿ ವಿದ್ಯುತ್ ತಂತಿಗೆ ತಗುಲಿದರೆ ಜೀವಕ್ಕೇ ಅಪಾಯ. ಕಂಬಕ್ಕೆ ಕಟ್ಟಿದ್ದರೆ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂಗೂ ತಿಳಿಸಿ, ಕಂಬದ ಸಂಖ್ಯೆ ಬರೆದುಕೊಡಿ.

ಎರಡು ಫೋಟೊ ತೆಗೆಯಿರಿ. ಒಂದರಲ್ಲಿ ಬರಹ, ಅನುಮತಿ ಸಂಖ್ಯೆ (ಇದ್ದರೆ), ಮುದ್ರಿಸಿದವರ ಹೆಸರು ಓದುವಂತಿರಲಿ. ಇನ್ನೊಂದನ್ನು ದೂರದಿಂದ, ಚಾಲಕನ ಕಣ್ಣಿನ ಎತ್ತರದಲ್ಲಿ ತೆಗೆಯಿರಿ. ರಸ್ತೆ ಮರೆಯಾಗಿರುವುದಕ್ಕೆ ಈ ಎರಡನೆಯದೇ ಸಾಕ್ಷಿ, ಬಹಳ ಜನ ಅದನ್ನೇ ಬಿಡುತ್ತಾರೆ. ದಿನಾಂಕ ಹಾಕಿ ಪೌರಾಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 'ವೃತ್ತದ ಬಳಿ' ಎಂದಷ್ಟೇ ಬರೆದರೆ ಸಿಬ್ಬಂದಿ ಹುಡುಕುವಷ್ಟರಲ್ಲಿ ಸಮಾರಂಭವೇ ಮುಗಿದಿರುತ್ತದೆ. ಎದುರಿನ ಅಂಗಡಿಯ ಗುರುತು ಕೊಡಿ. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳಿಗೆ 2016ರ ಮಾರ್ಚ್‌ನ ರಾಜ್ಯ ಅಧಿಸೂಚನೆಯಲ್ಲೇ ನಿಷೇಧವಿದೆ. ದೂರಿನಲ್ಲಿ ಇದನ್ನು ನಮೂದಿಸಿ.

ಉತ್ತರ ಬಾರದಿದ್ದರೆ 10 ರೂ. ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ: ಆ ವೃತ್ತದಲ್ಲಿ ಅನುಮತಿ ಪಡೆದ ಫಲಕಗಳೆಷ್ಟು, ಅಳತೆ, ಅವಧಿ, ಕಟ್ಟಿದ ಶುಲ್ಕ. ಅರ್ಜಿ ಒಂದೇ ವಿಷಯದ್ದಾಗಿ, 150 ಪದ ಮೀರದಂತಿರಲಿ. 30 ದಿನದೊಳಗೆ ಉತ್ತರ ಕೊಡಬೇಕು.

ಮರಕ್ಕೆ ಮೊಳೆ ಹೊಡೆದ ಫಲಕಗಳನ್ನು ಬೇರೆಯಾಗಿಯೇ ನಮೂದಿಸಿ. ಮೊಳೆಯ ಗಾಯದಿಂದ ಶಿಲೀಂಧ್ರ ಒಳಸೇರಿ ಕಾಂಡ ಕೊಳೆಯಬಹುದು.

ತೆರವಾದ ಫ್ಲೆಕ್ಸನ್ನು ಸುಡಲು ಬಿಡಬೇಡಿ. ಅದು ಪಿವಿಸಿ ಎಂಬ ಪ್ಲಾಸ್ಟಿಕ್, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಎಂಬ ವಿಷವಸ್ತುಗಳು ಹೊಮ್ಮುತ್ತವೆ.